ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಕಳೆದ ಒಡವೆ ಹುಡುಕಲು ಮೆಟಲ್ ಡಿಟೆಕ್ಟರ್ ಜೊತೆ ಏನೇನಿರಬೇಕು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೆಟಲ್ ಡಿಟೆಕ್ಟರ್ ಕೊಂಡು ಒಂದೆರಡು ತಿಂಗಳು ಹೊಲ ಸುತ್ತಿ, ಆಮೇಲೆ ಅದನ್ನು ಅಟ್ಟಕ್ಕೆ ಹಾಕಿದ ಹಲವರನ್ನು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕಂಡಿದ್ದೇನೆ. ಅವರೆಲ್ಲರ ದೂರು ಹೆಚ್ಚುಕಡಿಮೆ ಒಂದೇ: ಯಂತ್ರ ಕೂಗಿತು, ಅಗೆದೆವು, ಏನೂ ಸಿಗಲಿಲ್ಲ, ಗುಂಡಿ ಮುಚ್ಚಿ ಆಡಿಸಿದರೆ ಮತ್ತೆ ಕೂಗಿತು. ಯಂತ್ರವೇ ಸರಿಯಿಲ್ಲವೆಂದು ತೀರ್ಮಾನಿಸಿ ಇನ್ನಷ್ಟು ಬೆಲೆಯ ಯಂತ್ರವನ್ನೋ ದೊಡ್ಡ ಕಾಯಿಲನ್ನೋ (ನೆಲದ ಮೇಲೆ ಬೀಸುವ, ಲೋಹ ಹಿಡಿಯುವ ತಟ್ಟೆ) ಕೊಳ್ಳುತ್ತಾರೆ, ತೊಂದರೆ ಇದ್ದಲ್ಲೇ ಇರುತ್ತದೆ. ಯಂತ್ರ ಕೂಗಿದ ಕ್ಷಣಕ್ಕೂ ವಸ್ತು ಅಂಗೈಗೆ ಬರುವ ಕ್ಷಣಕ್ಕೂ ನಡುವೆ ಒಂದು ಗೇಣು ಮಣ್ಣಿರುತ್ತದೆ. ಕೆಲಸ ಕೆಡುವುದು ಆ ಗೇಣಿನಲ್ಲಿ. ಅದನ್ನು ದಾಟಿಸುವುದು ಜೊತೆಯಲ್ಲಿರುವ ಸಣ್ಣ ಸಲಕರಣೆಗಳು ಮತ್ತು ಅವುಗಳನ್ನು ಕೈಗೆತ್ತಿಕೊಳ್ಳುವ ಕ್ರಮ.

ಕಳೆ ತೆಗೆಯುವಾಗ, ತೊಗರಿ ಕೊಯ್ಯುವಾಗ, ರಾಶಿ ಮಾಡುವಾಗ ಕಳೆದುಹೋಗುವ ಮೂಗುಬೊಟ್ಟು, ಓಲೆ, ಕಾಲುಂಗುರ, ತಾಳಿಯ ಗುಂಡು ಇಂಥವನ್ನು ಹುಡುಕುವ ಕೆಲಸವನ್ನೇ ಮುಂದಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ. ನಮ್ಮ ಭಾಗದಲ್ಲಿ ಈ ಹವ್ಯಾಸದಿಂದ ಇನ್ನೊಬ್ಬರ ಮನೆಗೆ ಆಗುವ ದೊಡ್ಡ ಉಪಕಾರ ಇದೇ ಎಂದು ನನ್ನ ನಂಬಿಕೆ.

## 1. ಮನೆ ಬಿಡುವ ಮೊದಲು: ಜಾಗ ಮತ್ತು ಒಪ್ಪಿಗೆ

ಚೀಲದಲ್ಲಿ ಮೊದಲು ಇರಬೇಕಾದದ್ದು ಹೊಲದ ಯಜಮಾನರು ಸಹಿ ಮಾಡಿದ ಒಂದು ಚೀಟಿ. ಯಾರ ಹೊಲ, ಸರ್ವೆ ನಂಬರ್ ಎಷ್ಟು, ಯಾವ ವಸ್ತು ಕಳೆದಿದೆ, ಯಾವ ದಿನ ಹುಡುಕುತ್ತೀರಿ ಎಂಬುದು ಅದರಲ್ಲಿರಲಿ. ನಿಧಿಗಳ್ಳರ ಕಾಟ ಕಂಡಿರುವ ಊರುಗಳಲ್ಲಿ ಕೈಯಲ್ಲಿ ಯಂತ್ರ ಹಿಡಿದವನನ್ನು ಜನ ಅನುಮಾನದಿಂದ ನೋಡುವುದು ಸಹಜ, ಅದು ತಪ್ಪೂ ಅಲ್ಲ. ಪಂಚಾಯಿತಿಯ ಒಬ್ಬ ಸದಸ್ಯರಿಗೆ ಮೊದಲೇ ಹೇಳಿ, ಹಗಲಿನಲ್ಲಿ, ಹೊಲದವರನ್ನು ಜೊತೆಗಿಟ್ಟುಕೊಂಡೇ ಕೆಲಸ ಮಾಡಿ. ರಾತ್ರಿ ಟಾರ್ಚ್ ಹಿಡಿದು ಹುಡುಕುವ ಯೋಚನೆಯನ್ನು ಬಿಟ್ಟುಬಿಡಿ.

ಕಾಯ್ದೆಯ ಮಾತು ಇಷ್ಟು. ರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿಯು ಸ್ಮಾರಕದ ಮೇರೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶವನ್ನೂ ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶವನ್ನೂ ಗುರುತಿಸಿದೆ. ಈ ಅಳತೆಗಳನ್ನು ಮುಖ್ಯವಾಗಿ ಕಟ್ಟಡ ಕಾಮಗಾರಿಗಾಗಿ ಇಟ್ಟಿದ್ದರೂ, ನಾನು ಈ 300 ಮೀಟರಿನೊಳಗೆ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಕಲಬುರಗಿ ಮತ್ತು ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳು, ಸನ್ನತಿ ಮತ್ತು ಕನಗನಹಳ್ಳಿ, ಮಳಖೇಡ, ಬಸವಕಲ್ಯಾಣ, ಯಾದಗಿರಿ ಬೆಟ್ಟ ಇವುಗಳ ಸುತ್ತ ಈ ಹವ್ಯಾಸಕ್ಕೆ ಜಾಗವಿಲ್ಲ. ಮಳಖೇಡ, ಸನ್ನತಿಯಂಥ ಕಡೆ ಬೇಲಿಯ ಹೊರಗಿನ ಹೊಲದಲ್ಲೂ ಹಳೆಯ ವಸತಿಯ ಪದರ ಇರಬಹುದಾದ್ದರಿಂದ ಅಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

## 2. ಯಾವುದನ್ನು ಮೊದಲು ಕೊಳ್ಳಬೇಕು

ಬಹುಪಾಲು ಜನ ದೊಡ್ಡ ಕಾಯಿಲಿನಿಂದ ಶುರುಮಾಡಿ ಕೊನೆಗೆ ಪಿನ್‌ಪಾಯಿಂಟರ್‌ಗೆ ಬರುತ್ತಾರೆ. ಅದನ್ನು ತಿರುಗಿಸಿ: ಮೊದಲು ಪಿನ್‌ಪಾಯಿಂಟರ್, ಆಮೇಲೆ ಅಗೆಯುವ ಕೈಸಾಧನ, ಆಮೇಲೆ ಹೆಡ್‌ಫೋನ್, ಕೊನೆಗೆ ಬೇಕಿದ್ದರೆ ಇನ್ನೊಂದು ಕಾಯಿಲ್.

ಪಿನ್‌ಪಾಯಿಂಟರ್. ಕ್ಯಾರೆಟ್ ಗಾತ್ರದ, ಬ್ಯಾಟರಿಯಿಂದ ನಡೆಯುವ ಸಣ್ಣ ಶೋಧಕ ಇದು. ಇದರ ತುದಿ ಲೋಹಕ್ಕೆ ಹತ್ತಿರವಾದಂತೆ ಸದ್ದು ಅಥವಾ ನಡುಕ ಹೆಚ್ಚುತ್ತದೆ. ಸಣ್ಣ ಒಡವೆಗೆ ಇದರ ಹಿಡಿತ ಎರಡು ಮೂರು ಸೆಂಟಿಮೀಟರ್, ನಾಣ್ಯದಷ್ಟು ದೊಡ್ಡದಾದರೆ ಸ್ವಲ್ಪ ಹೆಚ್ಚು. ಈ ಅಲ್ಪ ಹಿಡಿತವೇ ಇದರ ಗುಣ, ಏಕೆಂದರೆ ದೊಡ್ಡ ಕಾಯಿಲ್ "ಇಲ್ಲೆಲ್ಲೋ ಇದೆ" ಎಂದರೆ ಇದು "ಈ ಬೆರಳಿನ ಕೆಳಗಿದೆ" ಎನ್ನುತ್ತದೆ. ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ, ಮೈ ತಪಾಸಣೆಗೆ ಕಾವಲುಗಾರರು ಬಳಸುವ ಕೋಲನ್ನು ಪಿನ್‌ಪಾಯಿಂಟರ್ ಎಂದು ಭಾವಿಸಿ ಕೊಳ್ಳುವುದು. ಆ ಕೋಲಿನ ಅಗಲವಾದ ಮೈ ಪೂರ್ತಿ ಲೋಹವನ್ನು ಹಿಡಿಯುವುದರಿಂದ ಗುಂಡಿಯೊಳಗೆ ಅದರಿಂದ ಉಪಯೋಗವಿಲ್ಲ. ಕೊಳ್ಳುವಾಗ ಮೂರು ವಿಷಯ ನೋಡಿ: ಬಟನ್ ಒತ್ತಿ ಹಿಡಿತವನ್ನು ಕಿರಿದಾಗಿಸುವ ಸೌಲಭ್ಯ ಇರಬೇಕು, ಸದ್ದಿನ ಜೊತೆ ನಡುಕವೂ ಇರಬೇಕು, ಮತ್ತು ಅದನ್ನು ಸೊಂಟಕ್ಕೆ ಕಟ್ಟಲು ಹಗ್ಗ ಸಿಕ್ಕಿಸುವ ಜಾಗ ಇರಬೇಕು. ಕೂಳೆಯ ನಡುವೆ ಕಪ್ಪು ಬಣ್ಣದ ಪಿನ್‌ಪಾಯಿಂಟರ್ ಬಿದ್ದರೆ ಅದನ್ನು ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ. ಕಿತ್ತಳೆ ಅಥವಾ ಕೆಂಪು ಬಣ್ಣದ್ದನ್ನೇ ಆರಿಸಿ.

ಅಗೆಯುವ ಸಾಧನ. ಮಸಾರಿ (ಕೆಂಪು ಮಣ್ಣಿನ) ಭೂಮಿಗೆ ಮನೆಯಲ್ಲಿರುವ, ಕಳೆ ತೆಗೆಯುವ ಖುರ್ಪಿ ಸಾಕು. ಒಣಗಿದ ಎರೆಗೆ ಸಾಲದು. ಅದರ ತಗಡು ಬಾಗುತ್ತದೆ, ಹೆಂಟೆ ಅಡ್ಡಾದಿಡ್ಡಿ ಒಡೆದು ವಸ್ತು ಎತ್ತಲೋ ಹಾರುತ್ತದೆ. ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಒಂದು ಗೇಣು ಉದ್ದ, ಮೂರು ಬೆರಳು ಅಗಲದ ಅಲಗನ್ನು ಊರಿನ ಕಮ್ಮಾರರ ಹತ್ತಿರ ಮಾಡಿಸಿ, ಒಂದು ಅಂಚಿಗೆ ಗರಗಸದಂತೆ ಹಲ್ಲು ಕೊರೆಸಿದರೆ ಬೇರೂ ಕಡಿಯುತ್ತದೆ, ಮಣ್ಣೂ ನೇರವಾಗಿ ಕೊಯ್ಯುತ್ತದೆ. ಸಲಿಕೆ, ಗುದ್ದಲಿ, ಹಾರೆ ಬೇಡ. ಒಡವೆ ಹುಡುಕುವಾಗ ಅಗೆತ ದೊಡ್ಡದಾದಷ್ಟೂ ವಸ್ತು ದೂರವಾಗುತ್ತದೆ, ಅದರ ಮೇಲೆ ಏಟು ಬೀಳುವ ಸಂಭವವೂ ಹೆಚ್ಚುತ್ತದೆ.

ಹೆಡ್‌ಫೋನ್. ಸಣ್ಣ ಬಂಗಾರದ ಸದ್ದು ತೆಳ್ಳಗಿರುತ್ತದೆ. ಗಾಳಿ, ಟ್ರ್ಯಾಕ್ಟರ್, ಪಕ್ಕದ ಹೊಲದವರ ಮಾತು ಇವುಗಳ ನಡುವೆ ಯಂತ್ರದ ಸ್ಪೀಕರಿನಿಂದ ಅದು ಕೇಳಿಸುವುದಿಲ್ಲ. ಫೋನಿಗೆ ಬಳಸುವ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ತಡವಾಗಿ ಬರುತ್ತದೆ. ಹಾಡು ಕೇಳುವಾಗ ಆ ತಡ ಗೊತ್ತಾಗುವುದಿಲ್ಲ, ಆದರೆ ಕಾಯಿಲ್ ಬೀಸುವಾಗ ಸದ್ದು ಕೇಳುವಷ್ಟರಲ್ಲಿ ಕಾಯಿಲ್ ಮುಂದೆ ಹೋಗಿರುತ್ತದೆ ಮತ್ತು ನೀವು ಪ್ರತಿ ಸಲವೂ ಒಂದು ಗೇಣು ಆಚೆ ಅಗೆಯುತ್ತೀರಿ. ತಂತಿಯ ಹೆಡ್‌ಫೋನ್ ಅಥವಾ ಆಯಾ ಯಂತ್ರಕ್ಕೆಂದೇ ಮಾಡಿದ ತಡವಿಲ್ಲದ ನಿಸ್ತಂತು ಹೆಡ್‌ಫೋನ್ ಬಳಸಿ. ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪನೆಯದನ್ನು ನಾನು ಸಲಹೆ ಮಾಡುವುದಿಲ್ಲ. ಕೂಳೆಯಲ್ಲಿ ಹಾವಿನ ಬುಸುಗುಟ್ಟುವಿಕೆಯೂ ಕೇಳಬೇಕು.

ಕಾಯಿಲ್. ಯಂತ್ರದ ಜೊತೆ ಬರುವ 10 ಅಥವಾ 11 ಇಂಚಿನ ಕಾಯಿಲ್ ಬಯಲಿಗೆ ಒಳ್ಳೆಯದು. ತೊಗರಿ ಕೂಳೆಯ ನಡುವೆ ಅದು ಆಡುವುದಿಲ್ಲ, ಕೂಳೆಗೆ ತಾಗಿದಾಗಲೆಲ್ಲ ಸುಳ್ಳು ಸದ್ದು ಕೊಡುತ್ತದೆ. ಎರಡನೆಯ ಕಾಯಿಲ್ ಕೊಳ್ಳುವುದಾದರೆ 5 ಅಥವಾ 6 ಇಂಚಿನದನ್ನೇ ಕೊಳ್ಳಿ. ಸಣ್ಣ ಕಾಯಿಲ್ ಆಳವಾಗಿ ನೋಡದಿದ್ದರೂ ಮೂಗುಬೊಟ್ಟಿನಂಥ ಚಿಕ್ಕ ವಸ್ತುವಿಗೆ ಹೆಚ್ಚು ಸೂಕ್ಷ್ಮವಾಗಿರುತ್ತದೆ. ಕಾಯಿಲಿನ ತಂತಿಯನ್ನು ದಂಡಕ್ಕೆ ಬಿಗಿಯಾಗಿ ಸುತ್ತಿ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ, ಏಕೆಂದರೆ ತಂತಿ ಜೋತಾಡಿದರೂ ಯಂತ್ರ ಕೂಗುತ್ತದೆ.

ಉಳಿದ ಸಣ್ಣ ಸಾಮಾನು. ಪ್ಲಾಸ್ಟಿಕ್ ಪರಾತ ಅಥವಾ ಅಗಲ ಬುಟ್ಟಿ, ಪ್ಲಾಸ್ಟಿಕ್ ಜರಡಿ, ಬಿದಿರಿನ ಗೂಟಗಳು, ನೈಲಾನ್ ದಾರ, ಒಂದು ಅಯಸ್ಕಾಂತ, ಹತ್ತಿ ಹಾಕಿದ ಮುಚ್ಚಳವಿರುವ ಡಬ್ಬಿ, ಕಸ ಹಾಕಲು ಬೇರೆ ಚೀಲ, ಮಂಡಿಗೆ ಕಟ್ಟುವ ದಿಂಬು, ದಪ್ಪ ಕೈಗವಸು, ಮೊಳಕಾಲಿನವರೆಗಿನ ರಬ್ಬರ್ ಬೂಟು. ಗೂಟವಾಗಲಿ ಬುಟ್ಟಿಯಾಗಲಿ ಕಬ್ಬಿಣದ್ದಾಗಿರಬಾರದು. ಗೆರೆ ಗುರುತಿಸಲು ಕಬ್ಬಿಣದ ಮೊಳೆ ಹೊಡೆದು, ಆಮೇಲೆ ಆ ಮೊಳೆಗಳನ್ನೇ ಹುಡುಕುತ್ತಾ ಕುಳಿತವರನ್ನು ನೋಡಿದ್ದೇನೆ.

ಹಣ ಕಳೆದುಕೊಳ್ಳುವ ಇನ್ನೊಂದು ದಾರಿಯ ಬಗ್ಗೆ ಎಚ್ಚರಿಸಲೇಬೇಕು. ಎರಡು ಕಡ್ಡಿಗಳು ತಾವಾಗಿಯೇ ತಿರುಗಿ ನೂರಾರು ಮೀಟರ್ ದೂರದ ಬಂಗಾರವನ್ನು ತೋರಿಸುತ್ತವೆ ಎಂದು ಮಾರುವ ಸಾಧನಗಳಿಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಹವ್ಯಾಸಿ ಯಂತ್ರ ಒಂದು ಉಂಗುರವನ್ನು ಗೇಣಿನ ಆಸುಪಾಸಿನ ಆಳದಲ್ಲಿ ಹಿಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

## 3. ಕಳೆದ ವಸ್ತುವಿನ ಜೋಡಿಯನ್ನು ಕೇಳಿ ಪಡೆಯಿರಿ

ಇದನ್ನು ಮಾಡುವವರು ಬಹಳ ಕಡಿಮೆ, ಆದರೆ ಇಡೀ ದಿನದ ಕೆಲಸವನ್ನು ಅರ್ಧಕ್ಕೆ ಇಳಿಸುವುದು ಇದೇ. ಓಲೆ ಕಳೆದಿದ್ದರೆ ಇನ್ನೊಂದು ಕಿವಿಯ ಓಲೆ ಮನೆಯಲ್ಲಿರುತ್ತದೆ. ಕಾಲುಂಗುರ ಕಳೆದಿದ್ದರೆ ಇನ್ನೊಂದು ಕಾಲಿನದು ಇರುತ್ತದೆ. ಅದನ್ನು ಕೇಳಿ ಪಡೆದು, ಲೋಹವಿಲ್ಲದ ಜಾಗದಲ್ಲಿ ಒಂದು ಕಟ್ಟಿಗೆಯ ಮೇಲಿಟ್ಟು, ಕಾಯಿಲನ್ನು ನಾಲ್ಕು ಬೆರಳು ಎತ್ತರದಲ್ಲಿ ಬೀಸಿ. ಪರದೆಯ ಮೇಲೆ ಬರುವ, ಲೋಹದ ಬಗೆಯನ್ನು ಸೂಚಿಸುವ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಸದ್ದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ವಸ್ತುವನ್ನು ಮಗ್ಗುಲಾಗಿ ನಿಲ್ಲಿಸಿ ಮತ್ತೆ ನೋಡಿ. ಸದ್ದು ಎಷ್ಟು ಕುಗ್ಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಪರೀಕ್ಷೆ ಮುಗಿದೊಡನೆ ಜೋಡಿಯನ್ನು ಅವರ ಕೈಗೇ ಒಪ್ಪಿಸಿ, ಹೊಲಕ್ಕೆ ಒಯ್ಯಬೇಡಿ.

ಈ ಪರೀಕ್ಷೆಯಿಂದ ಕೆಲವು ಅನಿರೀಕ್ಷಿತ ಸಂಗತಿಗಳು ತಿಳಿಯುತ್ತವೆ. ತೆಳು ಸರ ಎಷ್ಟೇ ಉದ್ದವಿದ್ದರೂ ಯಂತ್ರಕ್ಕೆ ಒಂದೊಂದು ಕೊಂಡಿಯೂ ಬೇರೆ ಬೇರೆ ಚೂರಾಗಿಯೇ ಕಾಣುವುದರಿಂದ ಅದರ ಸದ್ದು ದುರ್ಬಲವಾಗಿರುತ್ತದೆ. ಸಾಮಾನ್ಯವಾಗಿ ಸಿಗುವುದು ಅದರ ಕೊಕ್ಕೆ ಅಥವಾ ಪದಕದ ಸದ್ದು. ಬಾಯಿ ತೆರೆದ ಕಾಲುಂಗುರ ಪೂರ್ತಿ ಸುತ್ತಿನ ಉಂಗುರಕ್ಕಿಂತ ಕಡಿಮೆ ಕೂಗುತ್ತದೆ. ಇನ್ನು, ಸಣ್ಣ ಬಂಗಾರದ ಅಂಕಿಯೂ ಅಲ್ಯೂಮಿನಿಯಂ ಹಾಳೆಯ ಅಂಕಿಯೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತವೆ. ಕಸ ಬೇಡವೆಂದು ಹಾಳೆಯ ಅಂಕಿಗಳನ್ನು ಯಂತ್ರದಲ್ಲಿ ಮುಚ್ಚಿಹಾಕಿದವರು ಬಂಗಾರವನ್ನೂ ಮುಚ್ಚಿಹಾಕಿರುತ್ತಾರೆ. ಬಂಗಾರ ಹುಡುಕುವಾಗ ಕಬ್ಬಿಣವನ್ನು ಮಾತ್ರ ದೂರವಿಡಿ, ಉಳಿದ ಎಲ್ಲವನ್ನೂ ಕೇಳಿಸಿಕೊಳ್ಳಿ. ಗುಳಿಗೆಯ ಪಟ್ಟಿ, ಕೀಟನಾಶಕ ಬಾಟಲಿಯ ಬಾಯಿಗೆ ಅಂಟಿಸಿದ ಹಾಳೆ ಇವು ಎಷ್ಟು ಬಂದರೂ ಬೇಸರಿಸದೆ ಎತ್ತಿ ಕಸದ ಚೀಲಕ್ಕೆ ಹಾಕಿ.

ಹೊಲದಲ್ಲಿ ಬಿದ್ದ ನಾಣ್ಯ ಹುಡುಕುವವರಿಗೆ ಒಂದು ಮಾತು: ಈಗ ಚಲಾವಣೆಯಲ್ಲಿರುವ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನದು. ಕಬ್ಬಿಣದ ಸದ್ದನ್ನು ಮುಚ್ಚಿಟ್ಟರೆ ಅದು ಸಿಗುವುದಿಲ್ಲ.

## 4. ಕಳೆದವರನ್ನು ಕೂರಿಸಿ ಕೇಳಿ, ಆಮೇಲೆ ದಾರ ಕಟ್ಟಿ

ಚಿತ್ತಾಪುರ ತಾಲ್ಲೂಕಿನ ಒಂದು ತೊಗರಿ ಹೊಲದಲ್ಲಿ ಮೂಗುಬೊಟ್ಟು ಕಳೆದುಕೊಂಡ ಅಕ್ಕ ಒಬ್ಬರು ನನಗೆ ಹೇಳಿದ್ದು ಒಂದೇ ಮಾತು: "ಕುಂತಾಗ ಇತ್ತು ಅಣ್ಣಾ, ಎದ್ದಾಗ ಇರ್ಲಿಲ್ಲ." ಅಷ್ಟರಲ್ಲೇ ಎರಡು ಎಕರೆ ಹೊಲ ಒಂದು ಸಾಲಿಗೆ ಇಳಿಯಿತು. ಕಳೆ ತೆಗೆಯುವವರು ಕುಳಿತೇ ಸಾಲಿನಲ್ಲಿ ಮುಂದೆ ಸರಿಯುತ್ತಾರೆ, ಮುಖ ಒರೆಸಿಕೊಳ್ಳುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ. ಎಲ್ಲಿ ಕುಳಿತರು, ಎಲ್ಲಿ ನೀರು ಕುಡಿದರು, ಬುತ್ತಿ ಬಿಚ್ಚಿದ್ದು ಯಾವ ಮರದ ಕೆಳಗೆ ಎಂದು ಅವರನ್ನೇ ಹೊಲದಲ್ಲಿ ನಡೆಸಿ ಕೇಳಿ. ಅವರು ತೋರಿಸಿದ ಜಾಗದಲ್ಲಿ ಒಂದೊಂದು ಗೂಟ ಊರಿ.

ಗೂಟಗಳ ನಡುವೆ ಒಂದು ಮೀಟರ್ ಅಗಲದ ಪಟ್ಟಿಗಳಾಗಿ ದಾರ ಕಟ್ಟಿ. ದಾರವಿಲ್ಲದೆ ಅಂದಾಜಿನಲ್ಲಿ ಹುಡುಕಿದರೆ ಒಂದೇ ಜಾಗವನ್ನು ಮೂರು ಸಲ ನೋಡಿ ಪಕ್ಕದ ಜಾಗವನ್ನು ಒಮ್ಮೆಯೂ ನೋಡದೆ ಬರುತ್ತೀರಿ. ಕಾಯಿಲಿನ ನೋಟ ಆಳಕ್ಕೆ ಹೋದಂತೆ ಕಿರಿದಾಗುವುದರಿಂದ ಪ್ರತಿ ಬೀಸು ಹಿಂದಿನ ಬೀಸಿನ ಅರ್ಧವನ್ನು ಮುಚ್ಚಬೇಕು. ಕಾಯಿಲ್ ನೆಲಕ್ಕೆ ಸಮವಾಗಿ, ಒಂದೆರಡು ಬೆರಳಿನ ಎತ್ತರದಲ್ಲಿ ಹೋಗಬೇಕು. ಬೀಸಿನ ಕೊನೆಯಲ್ಲಿ ಕೈ ಮೇಲೆದ್ದರೆ ಪಟ್ಟಿಯ ಎರಡೂ ಅಂಚು ನೋಡದೆ ಉಳಿಯುತ್ತವೆ. ಹೊಸಬರಲ್ಲಿ ಈ ತಪ್ಪು ಇಲ್ಲದವರನ್ನು ನಾನು ಕಂಡಿಲ್ಲ.

ಕೊಯ್ಲು ಮುಗಿದು, ಹೊಲ ಹೊಡೆಯುವ ಮೊದಲು ಹುಡುಕಿ. ರೋಟಾವೇಟರ್ ಒಮ್ಮೆ ಹಾಯ್ದರೆ ವಸ್ತು ಇದ್ದ ಜಾಗ ಬದಲಾಗುತ್ತದೆ, ಆಳ ಬದಲಾಗುತ್ತದೆ, ಆಕಾರವೂ ಉಳಿಯದೆ ಹೋಗಬಹುದು. ಹೊಲದವರಿಗೆ ಇದನ್ನು ಹೇಳಿ ಆ ನಾಲ್ಕು ಸಾಲನ್ನು ಮಾತ್ರ ಬಿಡಿಸಿಕೊಳ್ಳಿ.

## 5. ಯಂತ್ರವನ್ನು ಮಣ್ಣಿಗೆ ಹೊಂದಿಸುವುದು

ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಣ ಮಣ್ಣಿನಲ್ಲಿ ನಾಲ್ಕು ಸಲ ಎಳೆಯಿರಿ. ಚೀಲದ ಹೊರಗೆ ಕಪ್ಪು ಪುಡಿ ಗಡ್ಡದಂತೆ ನಿಂತರೆ ಆ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದೆ ಎಂದು ತಿಳಿಯಿರಿ. ಕಪ್ಪು ಶಿಲೆ ಕರಗಿ ಆದ ನಮ್ಮ ಎರೆಯಲ್ಲಿ ಇದು ಇದ್ದೇ ಇರುತ್ತದೆ. ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆಯಲ್ಲಿ ಕಬ್ಬಿಣ ಇನ್ನೂ ಹೆಚ್ಚು, ಅದರ ಹರಳುಗಳು ವಸ್ತುವಿನಂತೆಯೇ ಕೂಗಿ ಮೋಸ ಮಾಡುತ್ತವೆ. ಸೇಡಂ, ಶಹಾಬಾದ್ ಕಡೆಯ ಫರಸಿ ಕಲ್ಲಿನ ಚೂರುಗಳಿಂದ ಈ ತೊಂದರೆ ಇಲ್ಲ.

ಲೋಹವಿಲ್ಲದ ಜಾಗ ನೋಡಿ, ಕಾಯಿಲನ್ನು ನೆಲದಿಂದ ಮೊಣಕಾಲಿನವರೆಗೆ ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಾ, ಏರುವಾಗಲೂ ಇಳಿಯುವಾಗಲೂ ಸದ್ದು ಒಂದೇ ಆಗುವವರೆಗೆ ಯಂತ್ರದ ನೆಲ ಹೊಂದಾಣಿಕೆಯನ್ನು (ಗ್ರೌಂಡ್ ಬ್ಯಾಲೆನ್ಸ್) ತಿರುಗಿಸಿ. ಎರೆಯಿಂದ ಮಸಾರಿಗೆ, ಒಣ ಜಾಗದಿಂದ ನೀರುಣಿಸಿದ ಜಾಗಕ್ಕೆ ಹೋದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಸೂಕ್ಷ್ಮತೆಯನ್ನು ತುತ್ತತುದಿಗೆ ಏರಿಸುವುದು ಎಲ್ಲರೂ ಮಾಡುವ ತಪ್ಪು; ಇಂಥ ಮಣ್ಣಿನಲ್ಲಿ ಯಂತ್ರ ಎಡೆಬಿಡದೆ ಕಿರುಚುತ್ತದೆ, ನಿಜವಾದ ಸದ್ದು ಅದರಲ್ಲಿ ಮುಳುಗುತ್ತದೆ. ಯಂತ್ರ ಮೌನವಾಗುವವರೆಗೆ ಇಳಿಸಿ, ಅಲ್ಲಿಂದ ಕೆಲಸ ಶುರುಮಾಡಿ.

ಪಂಪ್‌ಸೆಟ್, ಟ್ರಾನ್ಸ್‌ಫಾರ್ಮರ್, ಸೋಲಾರ್ ಬೇಲಿ ಹತ್ತಿರವಿದ್ದರೂ ಯಂತ್ರ ಕಿರುಚುತ್ತದೆ. ಬೇಲಿಯದ್ದಾದರೆ ಗಡಿಯಾರದಂತೆ ಒಂದೇ ಅಂತರದಲ್ಲಿ ಟಕ್ ಟಕ್ ಎನ್ನುತ್ತದೆ. ಹೊಲದವರನ್ನು ಕೇಳಿ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಿ. ನಿಮ್ಮ ಮೈಮೇಲಿನದನ್ನೂ ನೋಡಿಕೊಳ್ಳಿ: ಕೈಯಲ್ಲಿನ ಕಡಗ, ಗಡಿಯಾರ, ಜೇಬಿನ ಫೋನು, ಕಾಲಿನಲ್ಲಿ ಸ್ಟೀಲ್ ತುದಿಯ ಬೂಟು ಇವೆಲ್ಲ ಅಡ್ಡಿಯೇ.

## 6. ಸದ್ದು ಬಂದ ಮೇಲೆ: ಆ ಒಂದು ಗೇಣು

ಇಲ್ಲಿ ನಿಧಾನವೇ ಕೆಲಸ. ಕೆಳಗಿನ ಕ್ರಮವನ್ನು ಒಂದನ್ನೂ ಬಿಡದೆ ಮಾಡಿ.

ಮೊದಲು ಅಡ್ಡಲಾಗಿ ನೋಡಿ. ಒಂದು ದಿಕ್ಕಿನಲ್ಲಿ ಸದ್ದು ಬಂದರೆ ಕಾಲು ಸುತ್ತು ತಿರುಗಿ ಇನ್ನೊಂದು ದಿಕ್ಕಿನಿಂದ ಬೀಸಿ. ಎರಡೂ ಕಡೆಯಿಂದ ಅಂಕಿ ಹೆಚ್ಚುಕಡಿಮೆ ಒಂದೇ ಬಂದರೆ ಅಗೆಯಬೇಕಾದ ಸದ್ದು. ಒಂದು ಕಡೆ ಚೆನ್ನಾಗಿ ಬಂದು ಇನ್ನೊಂದು ಕಡೆ ಒಡೆದು ಎರಡಾದರೆ ಅದು ಮೊಳೆಯಂಥ ಉದ್ದನೆಯ ಕಬ್ಬಿಣ ಇರುವ ಸಂಭವ ಹೆಚ್ಚು. ಎತ್ತಿನ ಲಾಳ, ಕುಂಟೆಯ ತುಂಡು ಇಂಥ ದೊಡ್ಡ ಕಬ್ಬಿಣ ಕೆಲವೊಮ್ಮೆ ಬೆಳ್ಳಿಯ ಅಂಕಿಯನ್ನೂ ತೋರಿಸುತ್ತದೆ. ಕಾಯಿಲನ್ನು ಒಂದು ಗೇಣು ಮೇಲೆತ್ತಿದರೂ ಸದ್ದು ಕುಗ್ಗದಿದ್ದರೆ ಅದು ಮೂಗುಬೊಟ್ಟಲ್ಲ.

ನಡುವನ್ನು ಗುರುತಿಸಿ. ಎರಡು ಬೀಸುಗಳು ಕೂಡುವ ಜಾಗದಲ್ಲಿ ಒಂದು ಬಿದಿರು ಕಡ್ಡಿ ಚುಚ್ಚದೆ ಮಲಗಿಸಿ ಇಡಿ.

ಅಗೆಯುವ ಮೊದಲೇ ಪಿನ್‌ಪಾಯಿಂಟರ್. ಯಂತ್ರವನ್ನು ಎರಡು ಹೆಜ್ಜೆ ದೂರ ಮಲಗಿಸಿ, ಪಿನ್‌ಪಾಯಿಂಟರ್ ತುದಿಯನ್ನು ನೆಲದ ಮೇಲೆ ಸವರಿ. ಈ ವರ್ಷ ಕಳೆದ ವಸ್ತು ಮೇಲ್ಪದರದಲ್ಲೇ ಇರುವುದು ಹೆಚ್ಚು. ಪಿನ್‌ಪಾಯಿಂಟರ್ ನಡುಗಿದರೆ ಅಗೆಯುವ ಮಾತೇ ಇಲ್ಲ, ಬೆರಳಿನಿಂದ ಕೆದರಿದರೆ ಸಾಕು.

ದೂರದಿಂದ ಕೊಯ್ಯಿರಿ. ನಡುವಿನಿಂದ ನಾಲ್ಕು ಬೆರಳು ಬಿಟ್ಟು ಸುತ್ತಲೂ ಅಲಗನ್ನು ನೇರವಾಗಿ ಇಳಿಸಿ, ಒಂದು ಗೇಣು ಅಗಲದ ಹೆಂಟೆಯನ್ನು ಇಡಿಯಾಗಿ ಎತ್ತಿ ಪ್ಲಾಸ್ಟಿಕ್ ಪರಾತದಲ್ಲಿಡಿ. ಮಣ್ಣನ್ನು ಹಿಂದಕ್ಕೆ ಎಸೆಯಬೇಡಿ. ಎಸೆದ ಮಣ್ಣಿನ ಜೊತೆ ವಸ್ತುವೂ ಹೋಗಿರುತ್ತದೆ, ಖಾಲಿ ಗುಂಡಿಯನ್ನು ಇನ್ನಷ್ಟು ಆಳಕ್ಕೆ ಅಗೆಯುತ್ತಾ ಹೋಗುತ್ತೀರಿ.

ಮೊದಲು ಗುಂಡಿಯನ್ನು ಕೇಳಿ. ಹೆಂಟೆ ಎತ್ತಿದ ಕೂಡಲೇ ಅದನ್ನು ಒಡೆಯದೆ, ಪರಾತವನ್ನು ದೂರ ಸರಿಸಿ, ಗುಂಡಿಯ ಮೇಲೆ ಕಾಯಿಲ್ ಬೀಸಿ. ಗುಂಡಿ ಮೌನವಾಗಿದ್ದರೆ ವಸ್ತು ಹೆಂಟೆಯಲ್ಲಿದೆ. ಗುಂಡಿ ಕೂಗಿದರೆ ಇನ್ನೂ ಕೆಳಗಿದೆ ಅಥವಾ ಗೋಡೆಯಲ್ಲಿದೆ. ಈ ಒಂದು ಪ್ರಶ್ನೆ ಕೇಳದೆ ಮುಂದೆ ಹೋಗುವುದರಿಂದಲೇ ಹತ್ತರಲ್ಲಿ ಎಂಟು ಹುಡುಕಾಟ ಸೋಲುತ್ತವೆ ಎಂಬುದು ನನ್ನ ಅನುಭವ.

ಹೆಂಟೆಯನ್ನು ಎರಡಾಗಿಸುತ್ತಾ ಹೋಗಿ. ಹೆಂಟೆಯನ್ನು ಎರಡು ಮಾಡಿ, ಒಂದೊಂದನ್ನೂ ಪಿನ್‌ಪಾಯಿಂಟರಿಗೆ ತೋರಿಸಿ. ಮೌನವಾಗಿದ್ದನ್ನು ಬದಿಗಿಡಿ, ನಡುಗಿದ್ದನ್ನು ಮತ್ತೆ ಎರಡು ಮಾಡಿ. ನಾಲ್ಕೈದು ಸಲದಲ್ಲಿ ವಸ್ತು ನೆಲ್ಲಿಕಾಯಿ ಗಾತ್ರದ ಮಣ್ಣಿಗೆ ಇಳಿಯುತ್ತದೆ. ತುದಿ ಎಲ್ಲ ಕಡೆಯೂ ನಡುಗುತ್ತಿದೆ ಅನಿಸಿದರೆ, ವಸ್ತುವಿನ ಹತ್ತಿರ ಹಿಡಿದು ಪಿನ್‌ಪಾಯಿಂಟರಿನ ಬಟನ್ ಅನ್ನು ಒಮ್ಮೆ ಒತ್ತಿ. ಹಿಡಿತ ಕಿರಿದಾಗಿ ಜಾಗ ಸ್ಪಷ್ಟವಾಗುತ್ತದೆ.

ಪಿನ್‌ಪಾಯಿಂಟರ್ ಕೈಯಲ್ಲಿಲ್ಲದಿದ್ದರೆ ಕಾಯಿಲನ್ನು ನೆಲದ ಮೇಲೆ ಅಲುಗಾಡದಂತೆ ಇಟ್ಟು, ಉಂಗುರವಿಲ್ಲದ ಕೈಯಲ್ಲಿ ಒಂದೊಂದು ಹಿಡಿ ಮಣ್ಣನ್ನು ಅದರ ಮೇಲೆ ಅತ್ತಿತ್ತ ಆಡಿಸಿ. ಬಹುತೇಕ ಯಂತ್ರಗಳಿಗೆ ಚಲನೆ ಬೇಕು, ಅದು ಕಾಯಿಲಿನದಾದರೂ ಸರಿ, ವಸ್ತುವಿನದಾದರೂ ಸರಿ.

ಎಲ್ಲಿಯೂ ಸದ್ದಿಲ್ಲದಿದ್ದರೆ. ಚಿತ್ತಾಪುರದ ಆ ಹೊಲದಲ್ಲಿ ನನಗೆ ಆದದ್ದು ಇದೇ. ಹಿಂದಿನ ರಾತ್ರಿ ಹನಿ ಮಳೆಯಾಗಿ ಎರೆ ಜಿಗುಟಾಗಿತ್ತು. ಸದ್ದು ಸ್ಪಷ್ಟವಾಗಿತ್ತು, ಹೆಂಟೆ ಎತ್ತಿದೆ, ಗುಂಡಿ ಮೌನ, ಹೆಂಟೆಯೂ ಮೌನ. ಮುಕ್ಕಾಲು ಗಂಟೆ ಪರಾತದ ಮಣ್ಣನ್ನು ಬೆರಳಲ್ಲಿ ಹಿಸುಕಿದೆ. ಕೊನೆಗೆ ಪಕ್ಕದಲ್ಲಿ ಕುಳಿತಿದ್ದ ಆ ಅಕ್ಕನವರೇ ಖುರ್ಪಿಯನ್ನು ಎತ್ತಿಕೊಂಡು ಅದರ ಅಲಗಿಗೆ ಮೆತ್ತಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದರು. ಕಡಲೆಯಷ್ಟು ಮಣ್ಣಿನೊಳಗೆ ಮೂಗುಬೊಟ್ಟಿನ ಕೆಂಪು ಹರಳು ಕಂಡಿತು. ಅಲಗಿನ ಕಬ್ಬಿಣ ತಾನೇ ಕೂಗುವುದರಿಂದ ಅದಕ್ಕೆ ಅಂಟಿದ ವಸ್ತುವನ್ನು ಪಿನ್‌ಪಾಯಿಂಟರ್ ಬೇರೆಯಾಗಿ ತೋರಿಸಲಾರದು. ಅಂದಿನಿಂದ ಪ್ರತಿ ಹೆಂಟೆ ಎತ್ತಿದ ಮೇಲೂ ಅಲಗನ್ನು ಒಂದು ಕಡ್ಡಿಯಿಂದ ಪರಾತದೊಳಕ್ಕೇ ಕೆರೆಯುತ್ತೇನೆ. ಕೈಗವಸಿನ ಬೆರಳುಗಳ ಸಂದು, ಮಂಡಿಯ ದಿಂಬು, ಬೂಟಿನ ತಳ ಇವನ್ನೂ ಹೀಗೆಯೇ ನೋಡಬೇಕು.

ಸಿಕ್ಕ ಮೇಲೂ ಇನ್ನೊಮ್ಮೆ. ವಸ್ತು ಡಬ್ಬಿಗೆ ಹೋದ ನಂತರ ಗುಂಡಿಯ ಸುತ್ತ ಮತ್ತೆ ಬೀಸಿ. ಓಲೆ ಸಿಕ್ಕರೆ ಅದರ ತಿರುಪು ಹತ್ತಿರವೇ ಇರಬಹುದು, ತಾಳಿಯ ಒಂದು ಗುಂಡು ಸಿಕ್ಕರೆ ಇನ್ನೊಂದು ಕೈಯಳತೆಯಲ್ಲಿ ಇರಬಹುದು. ಒಡವೆಯ ಮಣ್ಣನ್ನು ಬಟ್ಟೆಯಿಂದ ಉಜ್ಜಬೇಡಿ, ಮರಳಿನ ಕಣ ಹೊಳಪನ್ನು ಗೀರುತ್ತದೆ. ನೀರಿನಲ್ಲಿ ಅದ್ದಿ ಕರಗಲು ಬಿಡಿ. ಆಮೇಲೆ ಗುಂಡಿಯನ್ನು ಮುಚ್ಚಿ ಕಾಲಿನಿಂದ ತುಳಿಯಿರಿ, ಎತ್ತಿನ ಕಾಲು ಸಿಕ್ಕಬಾರದು.

## 7. ಬೇಸಿಗೆಯ ಬಿರುಕು ಮತ್ತು ಮಳೆಗಾಲದ ಜಿಗುಟು

ಎರೆ ಒಣಗಿದಾಗ ಕುಗ್ಗಿ ಬಿರಿಯುತ್ತದೆ, ನೆನೆದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿದ್ದ ಉಂಗುರ ನೆಲದ ಮೇಲೆ ಉಳಿಯದೆ ಬಿರುಕಿಗೆ ಜಾರಿರಬಹುದು. ಆದ್ದರಿಂದ ಅಂಥ ಜಾಗದಲ್ಲಿ ನಡೆದಾಡುವ ಮೊದಲೇ ಬಿರುಕುಗಳ ಬಾಯಿಯನ್ನು ಟಾರ್ಚ್ ಬಿಟ್ಟು ನೋಡಿ. ಕಾಲಿಟ್ಟರೆ ಅಂಚು ಒಡೆದು ವಸ್ತುವಿನ ಮೇಲೆ ಮಣ್ಣು ಬೀಳುತ್ತದೆ, ಅದು ಇನ್ನೂ ಕೆಳಗಿಳಿಯುತ್ತದೆ. ಬಿರುಕಿನೊಳಗೆ ಕೈ ಹಾಕಬೇಡಿ, ಪಿನ್‌ಪಾಯಿಂಟರನ್ನು ಬಿದಿರಿಗೆ ಕಟ್ಟಿ ಇಳಿಸಿ. ವಸ್ತು ಬಿರುಕಿನ ಗೋಡೆಗೆ ಮಗ್ಗುಲಾಗಿ ನಿಂತಿದ್ದರೆ ಮೇಲಿನಿಂದ ಬೀಸುವ ಕಾಯಿಲಿಗೆ ಸದ್ದು ತೆಳ್ಳಗೆ ಬರುತ್ತದೆ. ಮೂರನೆಯ ಹಂತದಲ್ಲಿ ಜೋಡಿಯನ್ನು ಮಗ್ಗುಲಾಗಿ ನಿಲ್ಲಿಸಿ ಕೇಳಿಸಿಕೊಂಡದ್ದು ಇಲ್ಲಿ ನೆನಪಿಗೆ ಬರಬೇಕು. ಮಳೆ ಬಿದ್ದು ಬಿರುಕು ಮುಚ್ಚಿಕೊಂಡ ಮೇಲೆ ಹುಡುಕುವುದು ಬಹಳ ಕಷ್ಟ, ಹೀಗಾಗಿ ಬೇಸಿಗೆಯಲ್ಲಿ ಕಳೆದದ್ದನ್ನು ಮುಂಗಾರಿನವರೆಗೆ ಬಿಡಬೇಡಿ.

ಹಸಿ ಎರೆಯಲ್ಲಿ ಕಾಯಿಲಿನ ತಳಕ್ಕೆ ಮಣ್ಣು ಮೆತ್ತಿ ಭಾರವಾಗುತ್ತದೆ, ಹೊಂದಾಣಿಕೆಯೂ ತಪ್ಪುತ್ತದೆ. ಎರಡು ಮೂರು ದಿನ ಬಿಟ್ಟು ಹದ ಬಂದ ಮೇಲೆ ಹೋಗುವುದು ಲೇಸು.

## 8. ಕೆಲಸ ನಿಲ್ಲಿಸಬೇಕಾದ ಸೂಚನೆಗಳು

ಗುಂಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಅಥವಾ ಪೈಪು ಕಂಡರೆ ಅಲಗನ್ನು ಕೆಳಗಿಡಿ. ಅದು ಪಂಪಿನ ಕೇಬಲ್ ಆಗಿರಬಹುದು. ಉದ್ದಕ್ಕೂ ಒಂದೇ ಗೆರೆಯಲ್ಲಿ ಸದ್ದು ಬರುತ್ತಿದ್ದರೆ ಅಗೆಯುವ ಮೊದಲೇ ಹೊಲದವರನ್ನು ಕೇಳಿ.

ಮಡಕೆ ಚೂರು, ಸುಟ್ಟ ಇಟ್ಟಿಗೆ, ಕೆತ್ತಿದ ಕಲ್ಲು, ಒಟ್ಟಿಗೆ ಹಲವು ಹಳೆಯ ನಾಣ್ಯ ಕಂಡರೆ ಅಲ್ಲಿಗೇ ನಿಲ್ಲಿಸಿ. ಎತ್ತಬೇಡಿ, ತೊಳೆಯಬೇಡಿ, ಇದ್ದಲ್ಲೇ ಫೋಟೊ ತೆಗೆದು ಮುಚ್ಚಿ ತಹಶೀಲ್ದಾರರಿಗೆ ತಿಳಿಸಿ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸುವುದು ಸಿಕ್ಕವರ ಹೊಣೆ. ನೂರು ವರ್ಷ ಮೀರಿದ ನಾಣ್ಯ, ಶಿಲ್ಪ ಮುಂತಾದವು 1972ರ ಕಾಯ್ದೆಯಡಿ ಪುರಾತನ ವಸ್ತುಗಳಾಗುತ್ತವೆ. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದು ಒಮ್ಮೆ ಕದಡಿದರೆ ಮತ್ತೆ ಯಾರಿಗೂ ಸಿಗುವುದಿಲ್ಲ.

ಕೂಳೆಯಲ್ಲಿ, ಬಿರುಕಿನಲ್ಲಿ, ಬದುವಿನ ಕಲ್ಲಿನ ಕೆಳಗೆ ಕೊಳಕುಮಂಡಲವೂ ಚೇಳೂ ಇರುತ್ತವೆ. ಕೂರುವ ಮೊದಲು ಕೋಲಿನಿಂದ ನೆಲ ಬಡಿಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಿಸದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 42 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ಬೆಳಗಿನ ಹತ್ತರೊಳಗೆ ಕೆಲಸ ಮುಗಿಸಿ. ಬೆವರು ನಿಂತು ತಲೆ ಸುತ್ತತೊಡಗಿದರೆ ಸದ್ದು ಎಷ್ಟೇ ಚೆನ್ನಾಗಿರಲಿ, ಗೂಟ ಊರಿ ನೆರಳಿಗೆ ಹೋಗಿ. ಗೂಟ ಅಲ್ಲೇ ಇರುತ್ತದೆ.

## 9. ಮನೆಗೆ ಬಂದ ಮೇಲೆ

ಕಾಯಿಲಿನ ತಳಕ್ಕೆ ಹಾಕಿದ ಮುಚ್ಚಳವನ್ನು ಬಿಚ್ಚಿ ಒಳಗೆ ಸೇರಿದ ಮಣ್ಣನ್ನು ತೊಳೆಯಿರಿ. ಕಬ್ಬಿಣದ ಅಂಶವಿರುವ ಈ ಪುಡಿ ಕಾಯಿಲಿಗೂ ಮುಚ್ಚಳಕ್ಕೂ ನಡುವೆ ಓಡಾಡಿದರೆ ಮುಂದಿನ ಸಲ ಯಂತ್ರ ಕಾರಣವಿಲ್ಲದೆ ಕೂಗುತ್ತದೆ. ಕಾಯಿಲನ್ನು ನೀರಿನಲ್ಲಿ ಅದ್ದಬಹುದಾದ ಯಂತ್ರದಲ್ಲೂ ಮೇಲಿನ ಪೆಟ್ಟಿಗೆಗೆ ನೀರು ಆಗದಿರಬಹುದು, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಪಿನ್‌ಪಾಯಿಂಟರಿನ ಬ್ಯಾಟರಿಯನ್ನು ಹೊರತೆಗೆದಿಡಿ. ವಾರಗಟ್ಟಲೆ ಒಳಗೇ ಬಿಟ್ಟರೆ ಸೋರಿ ಕೊಂಡಿಗಳನ್ನು ತಿನ್ನುತ್ತದೆ. ಲಿಥಿಯಂ ಬ್ಯಾಟರಿಯ ಯಂತ್ರವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಬಿಸಿಯಿರುವಾಗ ಚಾರ್ಜಿಗೂ ಹಾಕಬೇಡಿ. ಅಲಗಿಗೆ ಎಣ್ಣೆ ಸವರಿ. ಕಸದ ಚೀಲವನ್ನು ಸುರಿಯುವ ಮೊದಲು ಒಂದೊಂದನ್ನೂ ಬೆಳಕಿನಲ್ಲಿ ನೋಡಿ, ಅಲ್ಯೂಮಿನಿಯಂ ಹಾಳೆಯ ಮಡಿಕೆಯೊಳಗೆ ಓಲೆಯ ತಿರುಪು ಸಿಕ್ಕಿಕೊಂಡಿರಬಹುದು.